ಎಲ್ಲ ಚಿತ್ರಕ್ಕೂ ಒಗ್ಗುವ ಒಂದೇ ಫಾರ್ಮ್ಯಾಟ್ ಇದೆಯೇ?

ಪ್ರಶ್ನೆ: ನಮ್ಮೂರಿನ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಗೆ ನೂರು ವರ್ಷ ತುಂಬುತ್ತಿದೆ. ಹಳೆಯ ವಿದ್ಯಾರ್ಥಿಗಳ ಸಂಘದಿಂದ ಸ್ಮರಣ ಸಂಚಿಕೆ ತರುತ್ತಿದ್ದೇವೆ. ಚಿತ್ರಗಳನ್ನು ಒಟ್ಟುಗೂಡಿಸುವ ಹೊಣೆ ನನ್ನದು. ಹಳೆಯ ಗ್ರೂಪ್ ಫೋಟೊಗಳನ್ನೂ ದಾಖಲಾತಿ ರಿಜಿಸ್ಟರಿನ ಕೆಲವು ಪುಟಗಳನ್ನೂ ಸ್ಕ್ಯಾನ್ ಮಾಡಿಸಬೇಕಾಗಿದೆ. ಹೊರದೇಶದಲ್ಲಿರುವವರು ಐಫೋನಿನಿಂದ ಕಳುಹಿಸಿದ ಚಿತ್ರಗಳು ಮುದ್ರಣಾಲಯದ ಕಂಪ್ಯೂಟರಿನಲ್ಲಿ ತೆರೆಯುತ್ತಿಲ್ಲ. ಉಳಿದವರು ವಾಟ್ಸ್‌ಆ್ಯಪ್‌ನಲ್ಲಿ ಕಳುಹಿಸಿದ್ದಾರೆ. ಮುದ್ರಣಾಲಯದವರು ‘ಇವು ನಡೆಯುವುದಿಲ್ಲ, 300 ಡಿಪಿಐ ಟಿಫ್ ಕೊಡಿ’ ಎನ್ನುತ್ತಾರೆ. ಜೆಪಿಜಿಗಳನ್ನೆಲ್ಲ ಪಿಎನ್‌ಜಿಗೂ ಟಿಫ್‌ಗೂ ಬದಲಿಸಿ ನೋಡಿದೆ. ಫೈಲ್ ದೊಡ್ಡದಾಯಿತೇ ಹೊರತು ಚಿತ್ರ ಸುಧಾರಿಸಲಿಲ್ಲ. ಶಾಲೆಯ ಲಾಂಛನವನ್ನು ಬಣ್ಣದ ಪುಟದ ಮೇಲೆ ಇಟ್ಟರೆ ಸುತ್ತ ಬಿಳಿ ಚೌಕ ಬರುತ್ತದೆ, ಫ್ಲೆಕ್ಸ್‌ಗೆ ಹಿಗ್ಗಿಸಿದರೆ ಅಂಚುಗಳು ಮಸುಕಾಗುತ್ತವೆ. ಜೆಪಿಜಿಯನ್ನು ತೆರೆದಾಗಲೆಲ್ಲ ಅದರ ಗುಣಮಟ್ಟ ಕುಸಿಯುತ್ತದೆ ಎಂದು ಒಬ್ಬರು ಹೇಳಿದ ಮೇಲೆ ಫೈಲ್ ತೆರೆಯಲೂ ಹೆದರುವಂತಾಗಿದೆ. ಎಲ್ಲಕ್ಕೂ ಒಗ್ಗುವ ಒಂದು ಒಳ್ಳೆಯ ಫಾರ್ಮ್ಯಾಟ್ ಯಾವುದು?
– ಶಿವಮೊಗ್ಗ ಜಿಲ್ಲೆಯ ಓದುಗರು

ಉತ್ತರ: ಹಳೆಯ ಫೋಟೊ ಮತ್ತು ದಾಖಲೆಗಳ ಡಿಜಿಟಲೀಕರಣ, ಅವುಗಳನ್ನು ಮುದ್ರಣಕ್ಕೆ ಸಿದ್ಧಪಡಿಸುವುದು ನನ್ನ ವೃತ್ತಿ. ಸ್ಮರಣ ಸಂಚಿಕೆ ತರುವ ಬಹುತೇಕ ಸಂಘಗಳು ನೀವು ಬರೆದಿರುವ ಇದೇ ತೊಡಕುಗಳನ್ನು ಹೊತ್ತುಕೊಂಡು ಬರುತ್ತವೆ. ಜೆಪಿಜಿ, ಪಿಎನ್‌ಜಿ, ಟಿಫ್ ಇವು ಚಿತ್ರವನ್ನು ಫೈಲಾಗಿ ಉಳಿಸುವ ಬೇರೆ ಬೇರೆ ಬಗೆಗಳು, ಅಂದರೆ ಫಾರ್ಮ್ಯಾಟುಗಳು. ಎಲ್ಲಕ್ಕೂ ಒಗ್ಗುವ ಫಾರ್ಮ್ಯಾಟ್ ಇಲ್ಲ ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ. ಚಿತ್ರದಲ್ಲಿ ಎಷ್ಟು ವಿವರವಿದೆ ಎಂಬುದು ಕ್ಯಾಮೆರಾ ಅಥವಾ ಸ್ಕ್ಯಾನರಿನ ಹಂತದಲ್ಲೇ ತೀರ್ಮಾನವಾಗಿರುತ್ತದೆ. ಆ ವಿವರದಲ್ಲಿ ಇನ್ನೆಷ್ಟನ್ನು ಉಳಿಸಿಕೊಳ್ಳಬೇಕು, ಎಷ್ಟನ್ನು ಬಿಟ್ಟುಕೊಡಬಹುದು ಎಂಬುದಷ್ಟೇ ಫಾರ್ಮ್ಯಾಟಿನ ಕೆಲಸ. ಆದ್ದರಿಂದ ಪ್ರತಿಯೊಂದು ಚಿತ್ರಕ್ಕೂ ಒಂದು ಮೂಲಪ್ರತಿಯನ್ನು ಯಾರೂ ಮುಟ್ಟದಂತೆ ಬೇರೆ ಫೋಲ್ಡರಿನಲ್ಲಿ ಇಟ್ಟುಕೊಂಡು, ಮುದ್ರಣಕ್ಕೆ, ಫ್ಲೆಕ್ಸ್‌ಗೆ, ಜಾಲತಾಣಕ್ಕೆ ಬೇಕಾದ ಪ್ರತಿಗಳನ್ನು ಆಯಾ ಸಂದರ್ಭಕ್ಕೆ ತಕ್ಕ ಫಾರ್ಮ್ಯಾಟಿನಲ್ಲಿ ಅದರಿಂದಲೇ ತೆಗೆಯುವುದು ಸರಿಯಾದ ದಾರಿ.

ಮೊದಲು ನಿಮ್ಮ ಹೆದರಿಕೆಯನ್ನು ನಿವಾರಿಸುತ್ತೇನೆ. ಜೆಪಿಜಿ ಫೈಲನ್ನು ತೆರೆದು ನೋಡುವುದರಿಂದ, ಪೆನ್‌ಡ್ರೈವಿಗೆ ನಕಲಿಸುವುದರಿಂದ, ಇಮೇಲಿಗೆ ಲಗತ್ತಿಸುವುದರಿಂದ ಅದರ ಗುಣಮಟ್ಟ ಕುಸಿಯುವುದಿಲ್ಲ. ಫೈಲಿನ ಒಂದು ಬೈಟ್ ಕೂಡ ಬದಲಾಗಿರುವುದಿಲ್ಲ. ನಷ್ಟವಾಗುವುದು ಚಿತ್ರವನ್ನು ತಿದ್ದಿ ಮತ್ತೆ ಜೆಪಿಜಿಯಾಗಿ ಸೇವ್ ಮಾಡಿದಾಗ. 1992ರಲ್ಲಿ ರೂಪುಗೊಂಡ ಈ ಮಾನದಂಡವು ಚಿತ್ರವನ್ನು 8 ಪಿಕ್ಸೆಲ್ (ಡಿಜಿಟಲ್ ಚಿತ್ರದ ಒಂದೊಂದು ಚುಕ್ಕಿ) ಉದ್ದ, 8 ಪಿಕ್ಸೆಲ್ ಅಗಲದ ಪುಟ್ಟ ಚೌಕಗಳಾಗಿ ಒಡೆಯುತ್ತದೆ. ಪ್ರತಿ ಚೌಕದೊಳಗಿನ ಸೂಕ್ಷ್ಮ ಏರಿಳಿತಗಳಲ್ಲಿ ಕಣ್ಣಿಗೆ ಅಷ್ಟಾಗಿ ತಿಳಿಯದವನ್ನು ಅಂದಾಜಿನ ಬೆಲೆಗೆ ಇಳಿಸಿಬಿಡುತ್ತದೆ. ನಮ್ಮ ಕಣ್ಣು ಬೆಳಕು–ನೆರಳಿನ ವ್ಯತ್ಯಾಸವನ್ನು ಗುರುತಿಸುವಷ್ಟು ಚುರುಕಾಗಿ ಬಣ್ಣದ ವ್ಯತ್ಯಾಸವನ್ನು ಗುರುತಿಸದ ಕಾರಣ, ಬಣ್ಣದ ವಿವರವನ್ನು ಸಾಮಾನ್ಯವಾಗಿ ಇನ್ನೂ ಹೆಚ್ಚು ಕಡಿತ ಮಾಡುತ್ತದೆ. ಆಕಾಶ, ಮರ, ಮುಖದಂಥ ಸಹಜ ದೃಶ್ಯಗಳಲ್ಲಿ ಈ ಕಡಿತ ಕಾಣಿಸುವುದೇ ಇಲ್ಲ. 4000 ಪಿಕ್ಸೆಲ್ ಅಗಲ, 3000 ಪಿಕ್ಸೆಲ್ ಎತ್ತರದ ಫೋಟೊ ಸಂಕುಚಿಸದೆ ಇಟ್ಟರೆ 36 ಎಂಬಿ ಆಗುವುದು ಜೆಪಿಜಿಯಲ್ಲಿ ನಾಲ್ಕೈದು ಎಂಬಿಗೆ ಇಳಿಯುವುದು ಹೀಗೆಯೇ. ಆದರೆ ಇಂದು ಕತ್ತರಿಸಿ, ನಾಳೆ ಬೆಳಕು ಹೆಚ್ಚಿಸಿ, ನಾಡಿದ್ದು ಹೆಸರು ಸೇರಿಸಿ, ಪ್ರತಿ ಸಲವೂ ಅದೇ ಫೈಲಿನ ಮೇಲೆ ಸೇವ್ ಮಾಡುತ್ತ ಹೋದರೆ ಅಂದಾಜಿನ ಮೇಲೆ ಅಂದಾಜು ಕೂಡಿ ಮುಖಗಳು ಮೇಣದಂತಾಗುತ್ತವೆ. ತಿದ್ದುವ ಕೆಲಸ ಮುಗಿಯುವವರೆಗೆ ಫೈಲನ್ನು ಟಿಫ್‌ನಲ್ಲೋ, ನೀವು ಬಳಸುವ ತಂತ್ರಾಂಶದ ಸ್ವಂತ ಫಾರ್ಮ್ಯಾಟಿನಲ್ಲೋ ಇಟ್ಟುಕೊಂಡು ಕೊನೆಯಲ್ಲಿ ಒಮ್ಮೆ ಮಾತ್ರ ಜೆಪಿಜಿ ಮಾಡಿದರೆ ಈ ತೊಂದರೆ ಇರುವುದಿಲ್ಲ.

ಜೆಪಿಜಿಯನ್ನು ಪಿಎನ್‌ಜಿಗೆ ಬದಲಿಸಿದರೂ ಚಿತ್ರ ಸುಧಾರಿಸದಿದ್ದುದಕ್ಕೆ ಕಾರಣ ಈಗ ನಿಮಗೆ ಹೊಳೆದಿರಬಹುದು. ನೀರು ಬೆರೆತ ಹಾಲನ್ನು ಬೆಳ್ಳಿಯ ಲೋಟಕ್ಕೆ ಸುರಿದರೂ ಅದು ಗಟ್ಟಿ ಹಾಲಾಗುವುದಿಲ್ಲ. ಪಿಎನ್‌ಜಿ, ಟಿಫ್ ಎರಡೂ ತಮಗೆ ಕೊಟ್ಟದ್ದನ್ನು ಒಂದಿಷ್ಟೂ ಬಿಡದೆ ಕಾಯ್ದುಕೊಳ್ಳುತ್ತವೆ. ಅಂದರೆ ಜೆಪಿಜಿ ಈಗಾಗಲೇ ಉಂಟುಮಾಡಿದ ಕಲೆಗಳನ್ನೂ ಅಷ್ಟೇ ನಿಷ್ಠೆಯಿಂದ ಕಾಯ್ದುಕೊಳ್ಳುತ್ತವೆ. ಇನ್ನು ಕೆಲವರು ಫೈಲಿನ ಹೆಸರಿನ ಕೊನೆಯಲ್ಲಿರುವ ಮೂರು ಅಕ್ಷರಗಳನ್ನಷ್ಟೇ ಅಳಿಸಿ ಬೇರೆ ಅಕ್ಷರ ಬರೆದು ಫಾರ್ಮ್ಯಾಟ್ ಬದಲಾಯಿತೆಂದು ತಿಳಿಯುತ್ತಾರೆ. ಫೈಲಿನ ನಿಜವಾದ ಗುರುತು ಅದರೊಳಗಿನ ಮೊದಲ ಕೆಲವು ಬೈಟ್‌ಗಳಲ್ಲಿರುತ್ತದೆ. ಹೆಸರು ಬದಲಿಸುವುದರಿಂದ ಆಗುವುದು ಗೊಂದಲವೊಂದೇ.

‘300 ಡಿಪಿಐ’ ಎಂಬ ಬೇಡಿಕೆಯ ಸುತ್ತಲೂ ತಪ್ಪು ತಿಳಿವಳಿಕೆ ಬಹಳವಿದೆ. ಫೈಲಿನೊಳಗೆ ಬರೆದಿರುವ ಡಿಪಿಐ ಒಂದು ಸೂಚನೆ ಮಾತ್ರ. 72 ಎಂದಿರುವುದನ್ನು 300 ಎಂದು ಬದಲಿಸಿದ ಮಾತ್ರಕ್ಕೆ ಚಿತ್ರದಲ್ಲಿ ಒಂದು ಪಿಕ್ಸೆಲ್ ಕೂಡ ಹೆಚ್ಚುವುದಿಲ್ಲ. ಮುದ್ರಣಾಲಯದವರ ಮಾತಿನ ನಿಜವಾದ ಅರ್ಥವೆಂದರೆ, ಕಾಗದದ ಮೇಲಿನ ಪ್ರತಿ ಅಂಗುಲಕ್ಕೆ 300 ಪಿಕ್ಸೆಲ್ ಸಿಗಬೇಕು. ಎ4 ಅಳತೆಯ ಪುಟವಿಡೀ ತುಂಬುವ ಚಿತ್ರಕ್ಕೆ 2480 ಪಿಕ್ಸೆಲ್ ಅಗಲ, 3508 ಪಿಕ್ಸೆಲ್ ಎತ್ತರ ಬೇಕಾಗುತ್ತದೆ. ವಾಟ್ಸ್‌ಆ್ಯಪ್‌ನಲ್ಲಿ ಫೋಟೊ ಎಂದೇ ಕಳುಹಿಸಿದ ಚಿತ್ರಗಳ ಉದ್ದನೆಯ ಬದಿ ನನ್ನ ಕೈಗೆ ಬಂದವುಗಳಲ್ಲಿ ಸಾಮಾನ್ಯವಾಗಿ 1600 ಪಿಕ್ಸೆಲ್ ಆಸುಪಾಸಿನಲ್ಲಿರುತ್ತದೆ. 1600ನ್ನು 300ರಿಂದ ಭಾಗಿಸಿದರೆ ಐದು ಅಂಗುಲಕ್ಕಿಂತ ಸ್ವಲ್ಪ ಹೆಚ್ಚು. ಹಾಗಾಗಿ ಒಂದು ಕಾಲಮ್ಮಿನ ಅಗಲಕ್ಕೆ ಆ ಚಿತ್ರಗಳು ಅಳತೆಯಲ್ಲಿ ಸಾಕಾಗುತ್ತವೆ, ಪೂರ್ಣ ಪುಟಕ್ಕೆ ಸಾಲುವುದಿಲ್ಲ. ಅಳತೆ ಸಾಕಾದರೂ ಸಂಕುಚನ ಗಾಢವಾಗಿರುವುದರಿಂದ, ಗ್ರೂಪ್ ಫೋಟೊದ ಹಿಂದಿನ ಸಾಲಿನಲ್ಲಿ ನಿಂತ ಮಕ್ಕಳ ಮುಖಗಳು ಮೊದಲು ಕೆಡುತ್ತವೆ.

ನನ್ನ ಅನುಭವದಲ್ಲಿ ಸ್ಮರಣ ಸಂಚಿಕೆಗಳ ಚಿತ್ರಗಳನ್ನು ಹಾಳುಮಾಡುವುದು ಜೆಪಿಜಿಗಿಂತ ಹೆಚ್ಚಾಗಿ ಈ ರವಾನೆಯೇ. ಆದ್ದರಿಂದ ಕಳುಹಿಸಿದವರೆಲ್ಲರಿಗೂ ದಯವಿಟ್ಟು ಮತ್ತೊಮ್ಮೆ ಕೇಳಿ: ಫೋಟೊ ಆಯ್ಕೆಯನ್ನು ಬಿಟ್ಟು ‘ಡಾಕ್ಯುಮೆಂಟ್’ ಆಯ್ಕೆಯಿಂದ ಲಗತ್ತಿಸಿದರೆ ಮೂಲ ಫೈಲ್ ಹಾಗೆಯೇ ಬರುತ್ತದೆ. 2023ರಲ್ಲಿ ಬಂದ ಎಚ್‌ಡಿ ಆಯ್ಕೆ ಮೊದಲಿಗಿಂತ ಮೇಲಾದರೂ ಅಲ್ಲಿಯೂ ಸಂಕುಚನವಿದೆ. ಗೂಗಲ್ ಡ್ರೈವಿನಲ್ಲಿ ಒಂದು ಫೋಲ್ಡರ್ ತೆರೆದು ಎಲ್ಲರೂ ಅಲ್ಲಿಗೇ ಹಾಕುವಂತೆ ಮಾಡಿದರೆ ಇನ್ನೂ ಅನುಕೂಲ. ಚಿತ್ರ ತೆಗೆದ ದಿನಾಂಕ ಮೂಲ ಫೈಲಿನೊಳಗೆ ದಾಖಲಾಗಿರುತ್ತದೆ, ವಾಟ್ಸ್‌ಆ್ಯಪ್ ಫೋಟೊದಲ್ಲಿ ಅದು ಉಳಿಯುವುದಿಲ್ಲ. ಯಾವ ಚಿತ್ರ ಯಾವ ವರ್ಷದ್ದು ಎಂದು ಗುರುತಿಸಲು ಅದು ಎಷ್ಟು ಉಪಯುಕ್ತವೆಂಬುದು ಶೀರ್ಷಿಕೆ ಬರೆಯಲು ಕುಳಿತಾಗ ತಿಳಿಯುತ್ತದೆ.

ಐಫೋನಿನ ಚಿತ್ರಗಳು ತೆರೆಯದಿರುವುದಕ್ಕೆ ಕಾರಣ ಬೇರೆ. 2017ರಲ್ಲಿ ಐಒಎಸ್ 11 ಬಂದಾಗಿನಿಂದ ಆ್ಯಪಲ್ ಫೋನುಗಳು ಎಚ್‌ಇಐಸಿ ಎಂಬ ಫಾರ್ಮ್ಯಾಟಿನಲ್ಲಿ ಚಿತ್ರ ಉಳಿಸುತ್ತವೆ. ಹೆಚ್ಚುಕಡಿಮೆ ಅದೇ ಗುಣಮಟ್ಟವನ್ನು ಜೆಪಿಜಿಯ ಸುಮಾರು ಅರ್ಧದಷ್ಟು ಜಾಗದಲ್ಲಿ ಅದು ಹಿಡಿದಿಡುತ್ತದೆ. ಆದರೆ ಅದರೊಳಗಿನ ಸಂಕುಚನ ತಂತ್ರದ ಮೇಲೆ ಪೇಟೆಂಟುಗಳಿರುವುದರಿಂದ ಎಲ್ಲ ಕಂಪ್ಯೂಟರುಗಳಲ್ಲೂ ಅದನ್ನು ತೆರೆಯುವ ವ್ಯವಸ್ಥೆ ಮೊದಲೇ ಇರುವುದಿಲ್ಲ. ಹಳೆಯ ವಿಂಡೋಸ್ ಮತ್ತು ಪುಟವಿನ್ಯಾಸಕ್ಕೆ ಬಳಸುವ ಕೋರೆಲ್‌ಡ್ರಾ ತಂತ್ರಾಂಶದ ಹಳೆಯ ಆವೃತ್ತಿ ಇಟ್ಟುಕೊಂಡ ಮುದ್ರಣಾಲಯಗಳಲ್ಲಂತೂ ಇದು ನಿತ್ಯದ ತೊಂದರೆ. ಚಿತ್ರಗಳು ಕೆಟ್ಟಿಲ್ಲ, ವಾಸ್ತವವಾಗಿ ನಿಮಗೆ ಬಂದಿರುವವುಗಳಲ್ಲಿ ಅವೇ ಉತ್ತಮವಾದವು ಇರಬಹುದು. ಮೂಲ ಎಚ್‌ಇಐಸಿಯನ್ನು ಹಾಗೇ ಉಳಿಸಿಕೊಂಡು, ಒಂದು ಪ್ರತಿಯನ್ನು ಅತಿ ಹೆಚ್ಚಿನ ಗುಣಮಟ್ಟದ ಜೆಪಿಜಿಗೆ ಬದಲಿಸಿ ಮುದ್ರಣಾಲಯಕ್ಕೆ ಕೊಡಿ. ಇನ್ನು ಮುಂದೆ ತೆಗೆಯುವ ಚಿತ್ರಗಳಿಗೆ, ಫೋನಿನ ಸೆಟ್ಟಿಂಗ್ಸ್‌ನಲ್ಲಿ ಕ್ಯಾಮೆರಾ, ಅದರೊಳಗೆ ಫಾರ್ಮ್ಯಾಟ್ಸ್ ಎಂಬಲ್ಲಿಗೆ ಹೋಗಿ ‘ಮೋಸ್ಟ್ ಕಂಪ್ಯಾಟಿಬಲ್’ ಆಯ್ದುಕೊಂಡರೆ ನೇರವಾಗಿ ಜೆಪಿಜಿ ಬರುತ್ತದೆ. ಉಚಿತವಾಗಿ ಬದಲಿಸಿಕೊಡುತ್ತೇವೆನ್ನುವ ಗುರುತಿಲ್ಲದ ಜಾಲತಾಣಗಳಿಗೆ ಜನರ ಮನೆಯ ಚಿತ್ರಗಳನ್ನು ಏರಿಸಬೇಡಿ. ನಿಮ್ಮ ಕಂಪ್ಯೂಟರಿನಲ್ಲಿಯೇ ಬದಲಿಸುವ ತಂತ್ರಾಂಶಗಳು ಸಾಕಷ್ಟಿವೆ.

ಇನ್ನು ಸ್ಕ್ಯಾನಿಂಗ್. ನಿಮ್ಮ ಇಡೀ ಕೆಲಸದಲ್ಲಿ ನಾನು ಹೆಚ್ಚಿನ ಕಾಳಜಿಯಿಂದ ನೋಡುವ ಭಾಗ ಇದು, ಏಕೆಂದರೆ ಹಳೆಯ ಫೋಟೊವನ್ನು ಮಾಲೀಕರು ಒಮ್ಮೆ ಕೊಟ್ಟು ಹಿಂದಕ್ಕೆ ಪಡೆದರೆ ಅದು ಮತ್ತೆ ಸ್ಕ್ಯಾನರಿನ ಗಾಜಿನ ಮೇಲೆ ಬರುತ್ತದೆಂಬ ಖಾತ್ರಿ ಇಲ್ಲ. ಕಪ್ಪು–ಬಿಳುಪು ಫೋಟೊವಾದರೂ ಬಣ್ಣದ ವಿಧಾನದಲ್ಲಿಯೇ ಸ್ಕ್ಯಾನ್ ಮಾಡಿಸಿ. ಕಾಲ ಕಳೆದಂತೆ ಹಳದಿಗೆ ತಿರುಗಿದ ಕಾಗದ, ನೀಲಿ ಶಾಯಿಯ ಸಹಿ, ಕಂದು ಕಲೆ ಇವನ್ನು ಮುಂದೆ ಬೇರ್ಪಡಿಸಿ ತೆಗೆಯಲು ಬಣ್ಣದ ಮಾಹಿತಿ ಬೇಕಾಗುತ್ತದೆ. ಇದ್ದ ಅಳತೆಯಲ್ಲೇ ಮುದ್ರಿಸುವುದಾದರೆ 300 ಡಿಪಿಐ ಸಾಕು. ಚಿಕ್ಕ ಫೋಟೊಗಳಿಗೆ 600 ಇರಲಿ. ಮೂರು ಅಂಗುಲ ಅಗಲದ ಫೋಟೊವನ್ನು 600ರಲ್ಲಿ ಸ್ಕ್ಯಾನ್ ಮಾಡಿದರೆ 1800 ಪಿಕ್ಸೆಲ್ ಸಿಗುತ್ತದೆ, ಅದನ್ನು ಆರು ಅಂಗುಲ ಅಗಲಕ್ಕೆ ನಿಶ್ಚಿಂತೆಯಿಂದ ಮುದ್ರಿಸಬಹುದು. ಜೆರಾಕ್ಸ್ ಅಂಗಡಿಗಳ ಸ್ಕ್ಯಾನರುಗಳು ತಾವಾಗಿಯೇ ಜೆಪಿಜಿ ಅಥವಾ ಪಿಡಿಎಫ್ ಉಳಿಸುವಂತೆ ಹೊಂದಿಸಿರುತ್ತಾರೆ. ಟಿಫ್ ಬೇಕೆಂದು ಬಾಯಿಬಿಟ್ಟು ಹೇಳಿ, ತಾನಾಗಿ ಚಿತ್ರವನ್ನು ಹರಿತಗೊಳಿಸುವ ಮತ್ತು ಹೊಳಪು ಕೊಡುವ ಆಯ್ಕೆಗಳನ್ನು ನಿಲ್ಲಿಸಲು ಕೇಳಿ.

ಮೂಲಪ್ರತಿಗೆ ಟಿಫ್ ಸೂಚಿಸುವುದಕ್ಕೆ ಕಾರಣವಿದೆ. 1986ರಲ್ಲಿ ಆಲ್ಡಸ್ ಸಂಸ್ಥೆ ಹೊರತಂದ ಈ ಫಾರ್ಮ್ಯಾಟಿನ ಆರನೆಯ ಆವೃತ್ತಿ 1992ರಷ್ಟು ಹಳೆಯದು, ಅಂದಿನಿಂದ ಅದರ ತಳಹದಿ ಬದಲಾಗಿಲ್ಲ. ದಾಖಲೆ ಕಾಪಾಡುವವರಿಗೆ ಬೇಕಾದುದು ಇಂಥ ಸ್ಥಿರತೆಯೇ. ಎ4 ಅಳತೆಯ ಬಣ್ಣದ ಪುಟ 300 ಡಿಪಿಐನಲ್ಲಿ ಸಂಕುಚಿಸದೆ ಸುಮಾರು 26 ಎಂಬಿ ಆಗುತ್ತದೆ. ಸೇವ್ ಮಾಡುವಾಗ ಎಲ್‌ಝಡ್‌ಡಬ್ಲ್ಯೂ ಅಥವಾ ಜಿಪ್ ಸಂಕುಚನ ಆಯ್ದುಕೊಂಡರೆ ಯಾವ ನಷ್ಟವೂ ಇಲ್ಲದೆ ಗಾತ್ರ ಇಳಿಯುತ್ತದೆ. ಒಂದು ಎಚ್ಚರಿಕೆ: ಅದೇ ಪಟ್ಟಿಯಲ್ಲಿ ಜೆಪೆಗ್, ಅಂದರೆ ಜೆಪಿಜಿಯದೇ ಸಂಕುಚನವೂ ಇರುತ್ತದೆ, ಅದನ್ನು ಆಯ್ದರೆ ಹೆಸರಿಗೆ ಟಿಫ್ ಆದರೂ ಒಳಗಿನ ವಿವರ ಕಳೆದಿರುತ್ತದೆ. 1996ರಲ್ಲಿ ಮಾನ್ಯತೆ ಪಡೆದ ಪಿಎನ್‌ಜಿ ಕೂಡ ಮೂಲಪ್ರತಿಗೆ ಯೋಗ್ಯವೇ. ಸ್ಕ್ಯಾನರಿನಲ್ಲಿ ಟಿಫ್ ಸಿಗದಿದ್ದರೆ ಸಂಕೋಚವಿಲ್ಲದೆ ಅದನ್ನು ಬಳಸಿ. ಫೋನಿನಿಂದ ಬಂದ ಚಿತ್ರಗಳಿಗೆ ಮಾತ್ರ ಇದು ಅನ್ವಯಿಸುವುದಿಲ್ಲ. ಅಲ್ಲಿ ಫೋನು ಕೊಟ್ಟ ಜೆಪಿಜಿ ಅಥವಾ ಎಚ್‌ಇಐಸಿಯೇ ಮೂಲಪ್ರತಿ, ಅದನ್ನು ಟಿಫ್ ಮಾಡಿ ಇಡುವುದರಿಂದ ಜಾಗ ವ್ಯರ್ಥವಾಗುತ್ತದೆ.

ರಿಜಿಸ್ಟರಿನ ಪುಟಗಳ ವಿಷಯದಲ್ಲಿ ಇನ್ನೂ ಹೆಚ್ಚಿನ ಜಾಗ್ರತೆ ಬೇಕು. ಜೆಪಿಜಿಯ ಸಂಕುಚನಕ್ಕೆ ಅಕ್ಷರಗಳ ಚೂಪಾದ ಅಂಚು ಒಗ್ಗುವುದಿಲ್ಲ. ಗಾತ್ರ ಇಳಿಸಿದಷ್ಟೂ ಬರಹದ ಸುತ್ತ ಬೂದು ಬಣ್ಣದ ಧೂಳಿನಂಥ ಕಲೆ ಕಟ್ಟುತ್ತದೆ. ಕನ್ನಡದಲ್ಲಿ ದ–ಧ, ಡ–ಢ, ಪ–ಫ ಜೋಡಿಗಳನ್ನು ಬೇರ್ಪಡಿಸುವುದು ಕೆಳಗಿನ ಒಂದು ಚಿಕ್ಕ ಗೀಟು. ಒತ್ತಕ್ಷರಗಳಂತೂ ಮೂಲಾಕ್ಷರಕ್ಕಿಂತ ಸಣ್ಣವು. ಕಲೆ ಕಟ್ಟಿದಾಗ ಮೊದಲು ಮರೆಯಾಗುವುದು ಇವೇ. ಗಾತ್ರ ಉಳಿಸಲು ಅಪ್ಪಟ ಕಪ್ಪು–ಬಿಳುಪು ವಿಧಾನದಲ್ಲಿ ಸ್ಕ್ಯಾನ್ ಮಾಡಿದರೆ ಮಾಸಿದ ಶಾಯಿಯ ಬರಹ ಪೂರ್ತಿ ಮಾಯವಾಗಬಹುದು. ಅದಕ್ಕಿಂತ ಗಂಭೀರವಾದ ಅಪಾಯವೊಂದು 2013ರಲ್ಲಿ ಬೆಳಕಿಗೆ ಬಂತು. ಜರ್ಮನಿಯ ಗಣಕ ವಿಜ್ಞಾನಿ ಡೇವಿಡ್ ಕ್ರೀಸೆಲ್ ಅವರು, ಕೆಲವು ಕಚೇರಿ ಸ್ಕ್ಯಾನರುಗಳು ದಾಖಲೆಯ ಅಂಕಿಗಳನ್ನೇ ಬದಲಿಸುತ್ತಿರುವುದನ್ನು, 6 ಇದ್ದಲ್ಲಿ 8 ಮೂಡುತ್ತಿರುವುದನ್ನು ತೋರಿಸಿಕೊಟ್ಟರು. ಜೆಬಿಗ್2 ಎಂಬ ಸಂಕುಚನ ವಿಧಾನದಲ್ಲಿ, ಒಂದೇ ಬಗೆಯಾಗಿ ಕಾಣುವ ಗುರುತುಗಳಿಗೆಲ್ಲ ಒಂದೇ ಮಾದರಿಯನ್ನು ಬಳಸಿ ಜಾಗ ಉಳಿಸುವ ಸೌಲಭ್ಯವಿದೆ. ಎರಡು ಬೇರೆ ಅಂಕಿಗಳನ್ನು ಯಂತ್ರ ಒಂದೇ ಎಂದು ತಿಳಿದಾಗ ಈ ಪ್ರಮಾದವಾಗುತ್ತದೆ. ಮಸುಕಾದ ಅಂಕಿ ಓದುಗರಿಗೆ ಅನುಮಾನವನ್ನಾದರೂ ಹುಟ್ಟಿಸುತ್ತದೆ, ಸ್ಪಷ್ಟವಾಗಿ ಮೂಡಿದ ತಪ್ಪು ಅಂಕಿ ಯಾವ ಅನುಮಾನವನ್ನೂ ಹುಟ್ಟಿಸುವುದಿಲ್ಲ. ಹುಟ್ಟಿದ ದಿನಾಂಕಗಳಿರುವ ರಿಜಿಸ್ಟರಿಗೆ ಇದು ಎಂಥ ಹಾನಿಯೆಂದು ನಾನು ಬಿಡಿಸಿ ಹೇಳಬೇಕಿಲ್ಲ.

ಆದ್ದರಿಂದ ಪುಟಗಳನ್ನು ಬಣ್ಣದಲ್ಲಿ 400 ಡಿಪಿಐಗೆ ಟಿಫ್ ಅಥವಾ ಪಿಎನ್‌ಜಿಯಾಗಿ ಉಳಿಸಿಕೊಂಡು, ಹಂಚಲು ಬೇಕಾದ ಪಿಡಿಎಫ್ಅನ್ನು ಅದರಿಂದ ತಯಾರಿಸಿ. ಪಿಡಿಎಫ್ ಎನ್ನುವುದು ಒಂದು ಹೊದಿಕೆ. ಅದರೊಳಗೆ ಚಿತ್ರ ಯಾವ ಸಂಕುಚನದಲ್ಲಿದೆ ಎಂಬುದು ಹೊರಗಿನಿಂದ ಕಾಣುವುದಿಲ್ಲ, ಹಾಗಾಗಿ ಪಿಡಿಎಫ್ ಒಂದನ್ನೇ ಮೂಲಪ್ರತಿಯೆಂದು ನಂಬಿ ಕೂರಬಾರದು. ಫಾರ್ಮ್ಯಾಟಿನ ಹೊರಗಿನ ಮಾತಾದರೂ ಹೇಳಬೇಕೆನಿಸುತ್ತದೆ: ದಾಖಲಾತಿ ರಿಜಿಸ್ಟರಿನಲ್ಲಿ ಜಾತಿ, ಜನ್ಮದಿನಾಂಕ, ಪೋಷಕರ ವಿವರ ಇರುತ್ತವೆ. ಬದುಕಿರುವವರ ಹೆಸರಿರುವ ಪುಟವನ್ನು ಮುಖ್ಯೋಪಾಧ್ಯಾಯರ ಒಪ್ಪಿಗೆಯಿಲ್ಲದೆ ಅಚ್ಚು ಹಾಕಬೇಡಿ.

ಲಾಂಛನದ ಸುತ್ತ ಬಿಳಿ ಚೌಕ ಬರಲು ಕಾರಣ ಜೆಪಿಜಿಯಲ್ಲಿ ಪಾರದರ್ಶಕತೆಗೆ ಜಾಗವೇ ಇಲ್ಲದಿರುವುದು. ಪಿಎನ್‌ಜಿಯಲ್ಲಿ ಅದು ಇದೆ. ಆದರೆ ಜೆಪಿಜಿಯನ್ನು ಪಿಎನ್‌ಜಿಯಾಗಿ ಸೇವ್ ಮಾಡಿದರೆ ಬಿಳಿಯೂ ಜೊತೆಗೇ ಬರುತ್ತದೆ, ಹಿನ್ನೆಲೆಯನ್ನು ಅಳಿಸಿ ಉಳಿಸಬೇಕು. ಫ್ಲೆಕ್ಸ್‌ನ ಸಮಸ್ಯೆಗೆ ಪಿಎನ್‌ಜಿಯೂ ಉತ್ತರವಲ್ಲ. 10 ಅಡಿ ಅಗಲ, 4 ಅಡಿ ಎತ್ತರದ ಬ್ಯಾನರಿಗೆ, ದೂರದಿಂದ ನೋಡುವಂಥದ್ದೆಂದು ಅಂಗುಲಕ್ಕೆ 72 ಪಿಕ್ಸೆಲ್ ಎಂದಿಟ್ಟುಕೊಂಡರೂ 8640 ಪಿಕ್ಸೆಲ್ ಅಗಲ ಬೇಕು. ಕೆಲವೇ ನೂರು ಪಿಕ್ಸೆಲ್‌ಗಳ ಲಾಂಛನವನ್ನು ಅದರ ಮೇಲೆ ಹಿಗ್ಗಿಸಿದರೆ ಅಂಚು ಒಡೆಯದೆ ಇರಲಾರದು. ಲಾಂಛನ, ನಕ್ಷೆ, ಅಕ್ಷರ ಇವಕ್ಕೆಲ್ಲ ವೆಕ್ಟರ್ ಬೇಕು. ಅಂದರೆ ಪಿಕ್ಸೆಲ್‌ಗಳ ಬದಲು ಗೆರೆ ಮತ್ತು ವಕ್ರರೇಖೆಗಳ ಗಣಿತವನ್ನು ಉಳಿಸುವ ಎಸ್‌ವಿಜಿ, ಕೋರೆಲ್‌ಡ್ರಾದ ಸಿಡಿಆರ್ ಅಥವಾ ಅದರಿಂದ ತೆಗೆದ ಪಿಡಿಎಫ್. ಡಿಟಿಪಿ ಕಲಾವಿದರೊಬ್ಬರಿಂದ ಲಾಂಛನವನ್ನು ಕೈಯಾರೆ ಮತ್ತೆ ಬರೆಸಿ. ಯಂತ್ರದಿಂದ ಟ್ರೇಸ್ ಮಾಡಿಸಿದರೆ ಹಣ ಉಳಿಯುತ್ತದೆ, ಆದರೆ ಮಸುಕಾದ ಚಿತ್ರದಿಂದ ಟ್ರೇಸ್ ಆದ ಕನ್ನಡ ಅಕ್ಷರಗಳ ದುಂಡು ಸೊಟ್ಟಗಾಗುತ್ತದೆ. ಜೆಪಿಜಿಯನ್ನು ಸಿಡಿಆರ್ ಒಳಗೆ ಅಂಟಿಸಿ ವೆಕ್ಟರ್ ಎಂದು ಕೊಟ್ಟರೆ ಒಪ್ಪಬೇಡಿ. ಪರದೆಯ ಮೇಲೆ ಹಲವು ಪಟ್ಟು ಹಿಗ್ಗಿಸಿ, ಅಂಚು ನಯವಾಗಿಯೇ ಉಳಿದರೆ ಅದು ನಿಜವಾದ ವೆಕ್ಟರ್. ನುಡಿ, ಬರಹ ಮುಂತಾದ ಅಕ್ಷರಶೈಲಿಗಳಲ್ಲಿ ಬರೆದ ಶಾಲೆಯ ಹೆಸರನ್ನು ಕರ್ವ್ಸ್‌ಗೆ (ಫಾಂಟಿನ ಹಂಗಿಲ್ಲದ ವಕ್ರರೇಖೆಗಳಿಗೆ) ಬದಲಿಸಿ ಕೊಡುವಂತೆ ಹೇಳಿ, ಇಲ್ಲವಾದರೆ ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಒತ್ತುಗಳು ಚೆಲ್ಲಾಪಿಲ್ಲಿಯಾಗುತ್ತವೆ. ಜಿಫ್ ಫಾರ್ಮ್ಯಾಟನ್ನು ಯಾರಾದರೂ ಸೂಚಿಸಿದರೆ ಬಿಟ್ಟುಬಿಡಿ. 256 ಬಣ್ಣಗಳ ಮಿತಿಯಿರುವ ಅದು ಈಗ ಉಳಿದಿರುವುದು ಚಲಿಸುವ ಕಿರುಚಿತ್ರಗಳಿಗಾಗಿ.

ಮುದ್ರಣಾಲಯದವರು ಕೇಳಿದ ಟಿಫ್ ಬಗ್ಗೆ ನನ್ನ ಅಭಿಪ್ರಾಯ ಹೀಗಿದೆ. ಸಾಕಷ್ಟು ಪಿಕ್ಸೆಲ್ ಇರುವ ಫೋಟೊವನ್ನು ಹೆಚ್ಚಿನ ಗುಣಮಟ್ಟದ ಜೆಪಿಜಿಯಾಗಿ ಕೊಟ್ಟರೂ ಟಿಫ್ ಆಗಿ ಕೊಟ್ಟರೂ ಅಚ್ಚಾದ ಪುಟದಲ್ಲಿ ಬರಿಗಣ್ಣಿಗೆ ವ್ಯತ್ಯಾಸ ಕಾಣುವುದಿಲ್ಲ. ಅವರು ಒಪ್ಪುವುದಾದರೆ ಫೋನಿನ ಚಿತ್ರಗಳನ್ನು ಜೆಪಿಜಿಯಲ್ಲೇ ಕೊಡಿ. ಸ್ಕ್ಯಾನ್ ಮಾಡಿದವನ್ನು ಟಿಫ್‌ನಲ್ಲಿ ಕೊಡಿ. ಅಚ್ಚಿನ ನಾಲ್ಕು ಶಾಯಿಗಳ ಸಿಎಂವೈಕೆ ವಿಧಾನವನ್ನು ಟಿಫ್ ಮತ್ತು ಜೆಪಿಜಿ ಒಪ್ಪುತ್ತವೆ, ಪಿಎನ್‌ಜಿ ಒಪ್ಪುವುದಿಲ್ಲ. ಪರದೆಯ ಮೇಲೆ ಹೊಳೆಯುವ ಕಡು ನೀಲಿ, ಎಳೆ ಹಸಿರು ಕಾಗದದ ಮೇಲೆ ಮಂಕಾಗುವುದು ಈ ಶಾಯಿಗಳ ಮಿತಿಯಿಂದ. ಬಣ್ಣದ ಬದಲಾವಣೆಯನ್ನು ನೀವೇ ಮಾಡಲು ಹೋಗದೆ ಮುದ್ರಣಾಲಯಕ್ಕೆ ಬಿಡಿ, ಮುಖಪುಟದ ಬಣ್ಣದ ಪ್ರೂಫನ್ನು ಮಾತ್ರ ತಪ್ಪದೆ ನೋಡಿ ಒಪ್ಪಿಗೆ ಕೊಡಿ.

ಸಂಚಿಕೆಯನ್ನು ಜಾಲತಾಣದಲ್ಲಿಯೂ ಹಾಕುವುದಾದರೆ ಚಿತ್ರಗಳನ್ನು 1600 ಪಿಕ್ಸೆಲ್ ಅಗಲಕ್ಕೆ ಇಳಿಸಿ ಜೆಪಿಜಿ ಅಥವಾ ವೆಬ್‌ಪಿ ಮಾಡಬಹುದು. 2010ರಲ್ಲಿ ಗೂಗಲ್ ಪರಿಚಯಿಸಿದ ವೆಬ್‌ಪಿ ಅದೇ ಗುಣಮಟ್ಟಕ್ಕೆ ಜೆಪಿಜಿಗಿಂತ ಸಣ್ಣದಾಗಿರುತ್ತದೆ. ಇಂದಿನ ಬ್ರೌಸರುಗಳೆಲ್ಲ ಅದನ್ನು ತೋರಿಸುತ್ತವೆ, ಆದರೆ ಹಳೆಯ ಡಿಟಿಪಿ ತಂತ್ರಾಂಶಗಳು ತೆರೆಯುವುದಿಲ್ಲವಾದ್ದರಿಂದ ಅದನ್ನು ಜಾಲತಾಣದಾಚೆ ಬಳಸಬೇಡಿ. ಫೋನಿನ ಮೂಲ ಚಿತ್ರಗಳಲ್ಲಿ ತೆಗೆದ ಸ್ಥಳದ ಅಕ್ಷಾಂಶ–ರೇಖಾಂಶವೂ ಅಡಗಿರಬಹುದು. ಈಗ ಓದುತ್ತಿರುವ ಮಕ್ಕಳ ಚಿತ್ರಗಳನ್ನು ಸಾರ್ವಜನಿಕಗೊಳಿಸುವ ಮೊದಲು ಆ ಮಾಹಿತಿಯನ್ನು ಅಳಿಸುವುದು ನಿಮ್ಮ ಹೊಣೆ.

ಮೂಲ ಕಳೆದುಹೋಗಿ ವಾಟ್ಸ್‌ಆ್ಯಪ್ ಪ್ರತಿಯೊಂದೇ ಉಳಿದಿರುವ ಫೋಟೊಗಳೂ ಕೆಲವು ಇದ್ದೇ ಇರುತ್ತವೆ. ಅವುಗಳನ್ನು ಯಾವ ಫಾರ್ಮ್ಯಾಟಿಗೆ ಬದಲಿಸಿದರೂ ಪ್ರಯೋಜನವಿಲ್ಲ. ಮೂರು ಅಂಗುಲದೊಳಗೆ, ಹರಿತಗೊಳಿಸದೆ ಮುದ್ರಿಸಿ. ಕೃತಕ ಬುದ್ಧಿಮತ್ತೆಯ ಆ್ಯಪ್‌ಗಳಿಂದ ಅವನ್ನು ದೊಡ್ಡದು ಮಾಡುವ ಆಸೆಯನ್ನು ದಯವಿಟ್ಟು ಬಿಡಿ. ಪಿಕ್ಸೆಲ್ ಇಲ್ಲದ ಕಡೆ ಆ ಆ್ಯಪ್‌ಗಳು ಊಹಿಸಿ ಮುಖ ಬರೆಯುತ್ತವೆ. ಹಿಂದಿನ ಸಾಲಿನ ಹುಡುಗನ ಜಾಗದಲ್ಲಿ ಊರಿನ ಯಾರೂ ನೋಡಿರದ ಮುಖವೊಂದು ಸ್ಪಷ್ಟವಾಗಿ ಅಚ್ಚಾಗುವುದಕ್ಕಿಂತ, ಅವನ ಮನೆಯವರು ಗುರುತಿಸಬಲ್ಲ ಮಸುಕು ಮುಖವೇ ಇರಲಿ. ಕೆಳಗೆ ಹೆಸರನ್ನು ತಪ್ಪಿಲ್ಲದೆ ಹಾಕಿಸಿ.